ಕಾರು ನಿಲ್ಲಿಸುವ ಜಾಗದಲ್ಲಿ ಕೂಗಿದ ಹೆಸರು

ನಮ್ಮ ಯಜಮಾನರು ಬೆಂಗಳೂರಿನ ಒಂದು ಲಾಡ್ಜಿನಲ್ಲಿ ಮಲಗಿದವರು ಮಲಗಿದ ಹಾಗೇ ಸತ್ತರು. ಮದ್ದೂರಿನ ಮಾರುಕಟ್ಟೆಯಿಂದ ಲಾರಿಗೆ ಎಳನೀರು ತುಂಬಿಸಿಕೊಂಡು ಹೋಗುವುದು ಅವರ ಕೆಲಸವಾಗಿತ್ತು. ಸಾಯುವವರೆಗೂ ಒಂದೇ ಲಾಡ್ಜು. ಊಟ ಚೆನ್ನಾಗಿದೆ ಅಂತಲ್ಲ, ಹಾಸಿಗೆ ಚೆನ್ನಾಗಿದೆ ಅಂತಲ್ಲ. ಮುಂದೆ ಲಾರಿ ನಿಲ್ಲಿಸಲು ಜಾಗ ಇತ್ತು, ಅಷ್ಟಕ್ಕೇ. ಹೆಣ ಆಂಬುಲೆನ್ಸಿನಲ್ಲಿ ಬೆಳಕವಾಡಿ ಹತ್ತಿರದ ನಮ್ಮ ಊರಿಗೆ ಬಂತು. ಮಣ್ಣು ಮಾಡಿದೆವು. ಹಾಲುತುಪ್ಪ ಬಿಟ್ಟೆವು. ತಿಥಿ ಮಾಡಿ ಊರಿಗೆ ಊಟ ಹಾಕಿದೆವು. ಹೆಣ ಬಂತು, ಅವರು ಬರಲಿಲ್ಲ.

ಬದುಕಿದ್ದಾಗ ಅವರು ಯಾವ ಹೊತ್ತಿಗೆ ಮನೆಗೆ ಬಂದರೂ ಜಗುಲಿ ಪಕ್ಕದ ತೊಟ್ಟಿಯಲ್ಲಿ ಚೊಂಬು ಅದ್ದಿ, ಕಾಲು ತೊಳೆದು, ಚೊಂಬನ್ನು ಕಲ್ಲಿನ ಮೇಲೆ ಕವುಚಿಟ್ಟು ಒಳಗೆ ಬರುತ್ತಿದ್ದರು. ಸತ್ತ ಮೇಲೂ ಆ ಸದ್ದು ನಿಲ್ಲಲಿಲ್ಲ. ನೀರು ಸುರಿಯುತ್ತಿತ್ತು. ಚೊಂಬು ಕಲ್ಲಿಗೆ ತಾಗುತ್ತಿತ್ತು. ಆಮೇಲೆ ಬಾಗಿಲ ಕಡೆಗೆ ಏನೂ ಇಲ್ಲ. ಎದ್ದು ಹೋಗಿ ನೋಡಿದರೆ ಕಲ್ಲು ಒಣಗಿಕೊಂಡೇ ಇರುತ್ತಿತ್ತು. ನಾನು ಹೆದರುವ ಹೆಂಗಸಲ್ಲ. ಬಂದರೆ ಬರಲಿ, ಒಳಗೆ ಬಂದು ಕೂರಲಿ. ಹೊಸಿಲಿನ ತನಕ ಬಂದು ಹಿಂದಕ್ಕೆ ಹೋಗುವವರನ್ನು ಏನು ಮಾಡುವುದು?

ನಮಗೆ ಇರುವುದು ಒಬ್ಬಳೇ ಮಗಳು. ಮಂಡ್ಯದಲ್ಲಿ ಆಫೀಸಿನ ಕೆಲಸ, ಸ್ವಂತ ಕಾರು, ಅವಳೇ ಓಡಿಸುತ್ತಾಳೆ. ಇಂಥದ್ದನ್ನೆಲ್ಲ ನಂಬುವವಳಲ್ಲ. ಒಂದು ಭಾನುವಾರ ಬಂದು ನನ್ನ ಪಕ್ಕ ಮಲಗಿದಳು. ಬೆಳಗ್ಗೆ ಎದ್ದು ಕಾಫಿ ಕಾಯಿಸಿ ಕೊಟ್ಟು, ನನ್ನ ಮುಖ ನೋಡದೆ, “ಚಿಕ್ಕಪ್ಪನ್ನ ಒಂದು ಮಾತು ಕೇಳನ ಕಣಮ್ಮ” ಅಂದಳು. ಅವಳಿಗೂ ಕೇಳಿಸಿತ್ತು ಅಂತ ಗೊತ್ತಾಯಿತು.

ಚಿಕ್ಕಪ್ಪ ಅಂದರೆ ನನ್ನ ಮೈದುನ. ಸಾವಿನ ಶಾಸ್ತ್ರ ಎಲ್ಲ ಅವನಿಗೆ ಬಾಯಿಪಾಠ.

“ಅಣ್ಣ ಬ್ಯಾರೆಯವ್ರ ಸೂರಲ್ಲಿ ಪ್ರಾಣ ಬುಟ್ಟವ್ನೆ. ಯಾರೂ ಕರೀದೆ ಎಂಗೆ ಬತ್ತಾನೆ? ಅಲ್ಲಿ ಒಂದಿರುಳು ಮನಗು. ಒತ್ತಾರೆ ಸೂರ್ಯ ಮೂಡಾಕೆ ಮುಂಚೆ ಹೆಸ್ರು ಹಿಡ್ದು ಕೂಗು. ಒಂದೇ ಸಲ. ಆಮೇಲೆ ಆ ಜಾಗ್ದಿಂದ ಒಸಿ ಮಣ್ಣು ತಕ್ಕಂಡು ಬಾ. ದಾರೀಲಿ ಇನ್ನೊಬ್ರ ಸೂರಿನ ಕೆಳಿಕ್ಕೆ ಓಗ್ಬ್ಯಾಡ. ಹಿರೀಕರಿಗೆ ಎಡೆ ಇಕ್ಕೋ ಮಾರ್ಲಾಮಿ ಅಮಾವಾಸ್ಯೆ ಒಳಗೆ ಆಗ್ಬೇಕು ನೋಡತ್ಗೆ, ಇಲ್ಲಾಂದ್ರೆ ಹಿರೀಕರ ಜೊತೆ ಅಣ್ಣಂಗೆ ಎಲೆ ಇಲ್ಲ.”

“ಒಂದೇ ಸಲ ಯಾಕೆ?”

“ಓಗೊಟ್ಟೋರು ಬಂದ್ಬುಡ್ತಾರೆ, ಅದ್ಕೆ. ಎರಡ್ ಸಲ ಕೂಗುದ್ರೆ ಇಬ್ರು ಬತ್ತಾರೆ.”

ನನಗೆ ಕಷ್ಟವಾದದ್ದು ಬೇರೆ. ಮದುವೆಯಾದಾಗಿನಿಂದ ನಾನು ಗಂಡನ ಹೆಸರು ಬಾಯಲ್ಲಿ ಆಡಿದವಳಲ್ಲ. ಊರ ಮುಂದೆ ‘ಅವರು’, ಒಲೆ ಮುಂದೆ ‘ನೀನು’. ರೇಷನ್ ಕಾರ್ಡಿನವರು ಗಂಡನ ಹೆಸರು ಕೇಳಿದರೆ ಪಕ್ಕದವಳ ಕೈಲಿ ಹೇಳಿಸುತ್ತಿದ್ದೆ. ಮಗಳು ಕೂಗಲಿ ಅಂದೆ. “ಗಂಡು ಮಕ್ಳಿಲ್ದ ಮನೆ, ಹೆಂಡ್ತೀನೇ ಕೂಗ್ಬೇಕು” ಅಂದ ಮೈದುನ. “ಅವ್ಳು ಅಪ್ಪಾ ಅಂತಾಳೆ. ಬೆಂಗ್ಳೂರ್ನಲ್ಲಿ ಅಪ್ಪಾ ಅಂದ್ರೆ ಎಷ್ಟು ಜನ ತಿರೀಕಂಡ್ ನೋಡ್ತಾರೆ ಗೊತ್ತಾ?”

ಮಗಳು ಲಾಡ್ಜಿಗೆ ಫೋನು ಮಾಡಿದಳು. ಲಾಡ್ಜು ಅನ್ನುವ ಮಾತು ಹೋಗಿ ಈಗ ಹೋಟೆಲು ಆಗಿದೆಯಂತೆ, ಹೆಸರೂ ಬೇರೆಯಂತೆ. ಜಾಗ ಅದೇ. ಅವರು ಯಾವಾಗಲೂ ಇಳಿಯುತ್ತಿದ್ದದ್ದು ಹಿಂದುಗಡೆ ಎರಡನೇ ಮಹಡಿಯಲ್ಲಿ, ಸತ್ತದ್ದೂ ಅಲ್ಲೇ. ನಾನೂ ಕೇಳಲಿ ಅಂತ ಫೋನನ್ನು ಜೋರಾಗಿ ಇಟ್ಟಿದ್ದಳು. ಆ ಕಡೆ ಒಬ್ಬ ಹುಡುಗನ ದನಿ.

“ಎಷ್ಟು ಜನ ಮೇಡಂ?”

“ಇಬ್ಬರು. ಹಿಂದುಗಡೆ ಎರಡನೇ ಮಹಡಿ ರೂಮು ಕೊಡಿ. ಕಾರಿಗೆ ಪಾರ್ಕಿಂಗ್ ಇದೆಯಾ?”

“ಪಾರ್ಕಿಂಗ್ ನಮ್ಮದು ದೊಡ್ಡದು ಮೇಡಂ, ಅದಕ್ಕೇ ಎಲ್ಲರೂ ಬರೋದು.”

ನಾನು ಸುಮ್ಮನಿರಬೇಕಿತ್ತು. “ಬರೋದು ಇಬ್ರು ಕಣಪ್ಪ, ಓಗೋದು ಮೂರು ಜನ” ಅಂದುಬಿಟ್ಟೆ.

“ಹಾಗಾದ್ರೆ ಎಕ್ಸ್ಟ್ರಾ ಬೆಡ್ ಹಾಕ್ಸಲಾ ಮೇಡಂ?” ಅಂದಿತು ಆ ದನಿ.

ಮಗಳು ಫೋನಿನ ಬಾಯಿ ಮುಚ್ಚಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. “ಬೇಡ” ಅಂತ ಹೇಳಿ ಬುಕ್ ಮಾಡಿದಳು. ಆಮೇಲೆ ಹೇಳಿದಳು, “ಅಲ್ಲಿ ಹೋಗಿ ಅಪ್ಪ ಸತ್ತಿದ್ದು ಅದು ಇದು ಬಾಯಿ ಬಿಡ್ಬೇಡ. ರೂಮು ಕೊಡಲ್ಲ ಅಂತಾರೆ.”

ಮಂಡ್ಯದಿಂದ ಬೆಂಗಳೂರಿಗೆ ಹೊಸ ರಸ್ತೆಯಲ್ಲಿ ಹೋಗುವುದು ಏನೂ ಗೊತ್ತಾಗಲಿಲ್ಲ. ಮದ್ದೂರು ಬಂದದ್ದೂ ತಿಳಿಯಲಿಲ್ಲ, ಮೇಲಿಂದ ಹಾರಿಸಿಕೊಂಡು ಹೋದ ಹಾಗೆ. ಬೆಂಗಳೂರೊಳಗೆ ಸೇರಿದ ಮೇಲೆ ಮಗಳು ಸ್ಟೇರಿಂಗನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡಳು. ಅವಳು ಮಂಡ್ಯ, ಮಳವಳ್ಳಿ, ಮೈಸೂರು ಅಂತ ಓಡಿಸಿದವಳು. ಇಲ್ಲಿ ಕಾರು ತಂದದ್ದು ಅದೇ ಮೊದಲು. “ಓಡ್ಸೋದು ಕಷ್ಟ ಅಲ್ಲ ಕಣಮ್ಮ, ನಿಲ್ಸೋದು ಕಷ್ಟ” ಅಂದಳು. ಅದು ನಿಜ. ಒಂದು ಕಡೆ ಒಂದು ಗಳಿಗೆ ನಿಂತು ದಾರಿ ಕೇಳೋಣ ಅಂದರೆ ಹಿಂದಿನವರು ಕಿವಿ ಒಡೆಯುವ ಹಾಗೆ ಹಾರನ್ ಹೊಡೆದರು. ಅಂಗಡಿ ಮುಂದೆ ನಿಲ್ಲಿಸಿದರೆ ಅಂಗಡಿಯವನು ಕಲ್ಲು ಅಡ್ಡ ಇಟ್ಟಿದ್ದ. ಮರದ ಕೆಳಗೆ ನಿಲ್ಲಿಸಿದರೆ ಮರಕ್ಕೇ ಬೋರ್ಡು ಹೊಡೆದಿದ್ದರು. ಹೋಟೆಲಿನ ಬೀದಿಗೆ ಒಂದೇ ಕಡೆಯಿಂದ ಒಳಗೆ ಹೋಗಬೇಕು. ಎರಡು ಸಲ ಅದರ ಬಾಯಿ ತಪ್ಪಿ ಸುತ್ತಿಕೊಂಡು ಬಂದೆವು. ಇಷ್ಟು ದೊಡ್ಡ ಊರಲ್ಲಿ ಬದುಕಿರುವವರಿಗೇ ನಿಲ್ಲಲು ಜಾಗ ಇಲ್ಲ, ಅವರು ಎಲ್ಲಿ ನಿಂತಿದ್ದಾರೋ ಅಂದುಕೊಂಡೆ.

ಹೋಟೆಲಿನ ಮುಂದೆ ಲಾರಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳು. ಕಾವಲಿನವನು ಸೀಟಿ ಊದಿಕೊಂಡು ಪಕ್ಕದ ಸಂದಿಯಲ್ಲಿ ಕಾರನ್ನು ಹಿಂದಕ್ಕೆ ಬಿಡಿಸಿದ. ಎರಡು ಕಡೆಯ ಕನ್ನಡಿ ಮಡಚಿಕೊಂಡು ಹೋಗಬೇಕು, ಅಷ್ಟು ಇಕ್ಕಟ್ಟು. ಹಿಂದೆ ಮಾತ್ರ ದೊಡ್ಡ ಬಯಲು. ಸಿಮೆಂಟು ಹಾಕಿ, ಬಿಳಿ ಗೆರೆ ಎಳೆದು, ಕಾರುಗಳನ್ನು ದನ ಕಟ್ಟಿದ ಹಾಗೆ ಸಾಲಾಗಿ ನಿಲ್ಲಿಸಿದ್ದರು.

ಕೌಂಟರಿನಲ್ಲಿ ಕೂತಿದ್ದವನು ವಯಸ್ಸಾದವನು. ಹಿಂದುಗಡೆ ಎರಡನೇ ಮಹಡಿ ರೂಮು ಎಂದು ಮಗಳು ಜ್ಞಾಪಿಸಿದಳು.

“ಹಿಂದುಗಡೆ ರೂಮುಗಳು ಎಲ್ಲಿವೆಯಮ್ಮ ಈಗ? ಹಿಂದಿನ ಕಟ್ಟಡ ಕೆಡವಿ ಪಾರ್ಕಿಂಗ್ ಮಾಡಿದೀವಿ. ಪಾರ್ಕಿಂಗ್ ಇಲ್ಲ ಅಂದ್ರೆ ಯಾರೂ ಬುಕ್ ಮಾಡಲ್ಲ. ಮುಂದುಗಡೆ ಕೊಡ್ತೀನಿ, ಒಳ್ಳೆ ರೂಮು.”

“ಕೆಡವುದ್ರಾ?” ಅಂದೆ. “ನಮ್ಮ ಯಜಮಾನ್ರು ಸತ್ತಿದ್ದು ಅಲ್ಲೇ ಕಣಪ್ಪ.”

ಮಗಳು ನನ್ನ ಕಾಲು ತುಳಿದಳು. ಆ ಮನುಷ್ಯ ಪಕ್ಕದಲ್ಲಿ ನಿಂತಿದ್ದ ಗಂಡ ಹೆಂಡತಿಯನ್ನು ನೋಡಿ, “ಮೆತ್ತಗೆ ಅಮ್ಮಾ, ಮೆತ್ತಗೆ” ಅಂದ. ಅವರು ಹೋದ ಮೇಲೆ ಬಗ್ಗಿ ಕೇಳಿದ, “ಎಳನೀರು ಯಜಮಾನ್ರಾ?” ನಾನು ತಲೆಯಾಡಿಸಿದೆ. ಅವನು ಎದ್ದು ಬಂದು ಹಿಂದಿನ ಬಾಗಿಲು ತೆರೆದು, ಬಯಲಿನ ಆಚೆಯ ಪಕ್ಕದ ಮನೆಯ ಎತ್ತರದ ಗೋಡೆ ತೋರಿಸಿದ.

ಕೆಡವಿದ ಕಟ್ಟಡ ಆ ಗೋಡೆಗೆ ಅಂಟಿಕೊಂಡಿತ್ತಂತೆ. ಕಟ್ಟಡ ಹೋದರೂ ರೂಮುಗಳ ಬಣ್ಣ ಗೋಡೆಯ ಮೇಲೆ ಉಳಿದಿತ್ತು. ಕೆಳಗೆ ಒಂದು ಹಸಿರು ಚೌಕ. ಅದರ ಮೇಲೆ ಒಂದು ಹಳದಿ. ಅದಕ್ಕೂ ಮೇಲೆ ನೀಲಿ. ಆ ನೀಲಿಯಲ್ಲಿ ಒಂದು ಗೂಡು, ಬಟ್ಟೆ ನೇತುಹಾಕುವ ಒಂದು ಗೂಟ.

“ಆ ನೀಲೀದು” ಅಂದ. “ಅದೇ ಗೂಟಕ್ಕೆ ಟವೆಲು ಹಾಕೋರು.”

ನಾನು ಕತ್ತೆತ್ತಿ ನೋಡಿದೆ. ನೆಲ ಇಲ್ಲ, ಸೂರಿಲ್ಲ, ಬಾಗಿಲಿಲ್ಲ. ಗಾಳಿಯಲ್ಲಿ ಒಂದು ರೂಮು ನೇತಾಡುತ್ತಿತ್ತು. ಅದರ ಕೆಳಗೆ ಸರಿಯಾಗಿ ನಮ್ಮ ಕಾರು ನಿಂತಿತ್ತು. ಮನೆ ಬಾಗಿಲಿಗೆ ಬಂದು ಒಳಗೆ ಬರದೆ ಹೋಗುತ್ತಿದ್ದವರು ವಾಪಸು ಬರುತ್ತಿದ್ದದ್ದು ಇಲ್ಲಿಗಾ? ಇಲ್ಲಿ ಕಾಲೂರಲು ಏನಿದೆ?

ಮುಂದಿನ ರೂಮಿನಲ್ಲಿ ಮಲಗಿದೆವು. ಮೆತ್ತನೆ ಹಾಸಿಗೆ, ತಣ್ಣನೆ ಗಾಳಿ. ಮಗಳಿಗೆ ನಿದ್ದೆ ಬಂತು. ನಾನು ಬಾಯಿಯೊಳಗೇ ಆ ಹೆಸರನ್ನು ಹೇಳಿ ನೋಡಿಕೊಂಡೆ. ನಾಲಿಗೆ ಹೊರಳಲಿಲ್ಲ. ಬೇರೆಯವನ ಹೆಸರು ಹೇಳಿದ ಹಾಗೆ ನಾಚಿಕೆಯಾಯಿತು.

ಬೆಳಕು ಹರಿಯುವ ಮುಂಚೆ ಇಬ್ಬರೂ ಕೆಳಗಿಳಿದೆವು. ಕಾರುಗಳ ಗಾಜಿನ ಮೇಲೆಲ್ಲ ಇಬ್ಬನಿ. ಒಂದು ನರಪಿಳ್ಳೆಯೂ ಇಲ್ಲ ಅಂದುಕೊಂಡೆ. ಮಗಳು ಕಾರಿನ ಬಾಗಿಲು ತೆಗೆದು ಹಿಡಿದು ನಿಂತಳು, ಅಪ್ಪ ಬಂದು ಕೂರಲಿ ಅಂತ. ನಾನು ಸೆರಗು ತಲೆಗೆ ಹೊದ್ದು, ನೀಲಿ ಚೌಕ ನೋಡಿಕೊಂಡು, ಕಣ್ಣು ಮುಚ್ಚಿ, ಗಂಡನ ಹೆಸರು ಕೂಗಿದೆ. ಇಲ್ಲಿ ಬರೆಯುವುದಿಲ್ಲ. ಆವತ್ತು ಕೂಗಿದ್ದೇ ಸಾಕು. ಜೋರಾಗಿಯೇ ಕೂಗಿದೆ, ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗುವ ಹಾಗೆ.

“ಆ... ಬಂದೇ!”

ಮಗಳು ಕಿರುಚಿಬಿಟ್ಟಳು. ನಾನು ಕಣ್ಣು ತೆರೆಯಲಿಲ್ಲ. ಗಂಡಸಿನ ದನಿ, ನಿದ್ದೆಗಣ್ಣಿನ ದನಿ. ಕಾರಿನ ಬಾಗಿಲೊಂದು ತೆರೆದ ಸದ್ದು, ಚಪ್ಪಲಿ ಹುಡುಕುವ ಸದ್ದು. ಕಣ್ಣು ಬಿಟ್ಟು ನೋಡಿದರೆ ಆಚೆ ಸಾಲಿನ ಹಳದಿ ಬೋರ್ಡಿನ ಕಾರಿನಿಂದ ಒಬ್ಬ ಆಸಾಮಿ ಅಂಗಿ ಸಿಕ್ಕಿಸಿಕೊಂಡು ಬರುತ್ತಿದ್ದ. ಹೋಟೆಲಿಗೆ ಬರುವ ಸಾಹುಕಾರರ ಡ್ರೈವರುಗಳು ರಾತ್ರಿ ಕಾರಿನಲ್ಲೇ ಮಲಗುತ್ತಾರೆ ಅಂತ ನಮಗೇನು ಗೊತ್ತು?

“ಯಾರಮ್ಮ ಕರುದ್ದು? ಸಾರ್ ರೆಡಿ ಆದ್ರಾ?”

“ನಿನ್ನಲ್ಲ, ಓಗಪ್ಪ” ಅಂದೆ.

“ನನ್ ಹೆಸ್ರೇ ಕೂಗುದ್ರಲ್ಲ.”

“ಯಾವೂರ್ಲಾ ನಿಂದು?”

“ಕೊತ್ತತ್ತಿಯಿಂದ ಆಚ್ಗೆ ಕಣವ್ವ. ನಿಮ್ದು?”

“ಬೆಳಕವಾಡಿ ಕಡೆ.”

“ಓ, ನಮ್ಮ ಜಿಲ್ಲೇನೇ!” ಅವನ ಮುಖ ಅರಳಿತು. “ಊರಿಗೆ ಡ್ರಾಪ್ ಬೇಕಾಗಿತ್ತಾ? ನಮ್ ಸಾರ್‍ನ ಏರ್‌ಪೋರ್ಟಿಗೆ ಬುಟ್ಟು ಖಾಲಿ ಓಯ್ತೀನಿ. ನಿಮ್ ಜೊತೇಲೇ ಬತ್ತೀನಿ ಬುಡಿ.”

“ಬತ್ತೀನಿ ಅನ್ಬ್ಯಾಡ ಕಣ್ಲಾ!”

“ಯಾಕವ್ವ? ಬರಾದೇ ಅಲ್ವಾ, ಅದೇ ದಾರಿ. ಬತ್ತೀನಿ.”

“ಮುಚ್ಚು ಬಾಯಿ! ಇನ್ನೊಂದ್ ಸಲ ಬತ್ತೀನಿ ಅಂದ್ರೆ ಬಾಯಿಗ್ ಬಡೀತೀನಿ!”

ಅವನು ಮಗಳ ಮುಖ ನೋಡಿದ, ನನಗೆ ತಲೆ ಸರಿ ಇಲ್ಲವೇನೋ ಅನ್ನುವ ಹಾಗೆ. ಮಗಳು ಅಳುತ್ತಿದ್ದಳು. ಮುಚ್ಚಿಡುವ ಹಾಗಿರಲಿಲ್ಲ, ಹೇಳಿದೆ. ನಾನು ಕರೆದದ್ದು ಯಾರನ್ನು, ಯಾಕೆ, ಓಗೊಟ್ಟವರು ಬರುತ್ತಾರೆ ಅಂತ ನಮ್ಮ ಮೈದುನ ಹೇಳಿದ್ದು, ಎಲ್ಲವನ್ನೂ. ಬೇರೆ ಊರಿನವನಾಗಿದ್ದರೆ ನಕ್ಕುಬಿಡುತ್ತಿದ್ದ. ನಮ್ಮ ಕಡೆಯವನು. ಮೊಬ್ಬಿನಲ್ಲಿ ಒಂದೇ ಕೂಗಿಗೆ ಓಗೊಡಬಾರದು ಅಂತ ಅವನ ಅವ್ವನೂ ಹೇಳಿಕೊಟ್ಟಿರುತ್ತಾಳೆ. ಪಟ್ಟಣದಲ್ಲಿ ಕಾರು ಓಡಿಸುತ್ತ ಮರೆತಿದ್ದ, ಅಷ್ಟೆ. ಯಾರದೋ ಕಾರಿನ ಬಂಪರಿನ ಮೇಲೆ ಕುಸಿದು ಕೂತ.

“ಏನವ್ವ, ಬೆಳ್ಬೆಳಗ್ಗೆ ಇಂಗ್ ಮಾಡ್ಬುಟ್ಟೆ?” ಅಂದ. “ನನಗಿನ್ನೂ ಚಿಕ್ಕ ಮಗಿ ಅದೆ ಕಣವ್ವ.”

“ಏಳು. ಬರಾಕಿಲ್ಲ ಅನ್ನು. ಅಂದು ಮೂರು ಸಲ ಉಗಿ.”

“ಬರಾಕಿಲ್ಲ. ಯಾರ್ ಕರುದ್ರೂ ನಾ ಬರಾಕಿಲ್ಲ” ಅಂದು ಉಗಿದ. ಬಾಯಿ ಒಣಗಿ ಎಂಜಲೇ ಬರಲಿಲ್ಲ ಅವನಿಗೆ. ಮತ್ತೆ ಮತ್ತೆ ಉಗಿದ.

ಇನ್ನು ಹೆಸರು ಕೂಗುವ ಹಾಗಿಲ್ಲ. ಸುಮ್ಮನೆ ಹೋದರೆ ಇವನು ಓಗೊಟ್ಟ ಮಾತೇ ಉಳಿಯುತ್ತದೆ. ಆಕಾಶ ಬೆಳ್ಳಗಾಗುತ್ತಿತ್ತು. ನನಗೆ ಸಿಟ್ಟು ಬಂತು. ಸತ್ತು ಒಂದು ವರ್ಷ ಆಗುತ್ತ ಬಂತು, ಇನ್ನೂ ನನ್ನ ಕೈಲಿ ಈ ಗೇಯ್ಮೆ ಮಾಡಿಸುತ್ತಿದ್ದಾರಲ್ಲ ಅಂತ. ನೀಲಿ ಚೌಕಕ್ಕೆ ಮುಖ ಎತ್ತಿ ಒಲೆ ಮುಂದೆ ಬೈಯುವ ಹಾಗೆ ಬೈದೆ.

“ಎಷ್ಟೊತ್ತು ಕಾಯ್ಲಿ ನಾನು? ಮುದ್ದೆ ಆರಿ ಕಲ್ಲಾಯ್ತಾ ಅದೆ. ಸೊಂಟ ಬಿದ್ದೋಗದೆ, ಮೆಟ್ಲು ಹತ್ತಿ ಬರಾಕೆ ಅಲ್ಲಿ ಮೆಟ್ಲೂ ಇಲ್ಲ. ಉಣ್ಣಂಗಿದ್ರೆ ಎದ್ದು ಬಾ, ಇಲ್ಲಾಂದ್ರೆ ಅಲ್ಲೇ ಬಿದ್ದಿರು. ಇನ್ನೊಬ್ರನ್ನ ಕಳುಸ್ಬ್ಯಾಡ.”

ಯಾರೂ ಓಗೊಡಲಿಲ್ಲ. ಓಗೊಡುವುದು ಅವರ ಅಭ್ಯಾಸವೂ ಅಲ್ಲ. ಬೈದರೆ ಸುಮ್ಮನೆ ಎದ್ದು ಬರುತ್ತಿದ್ದರು. ನೆಲವೆಲ್ಲ ಸಿಮೆಂಟು, ಮಣ್ಣು ಎಲ್ಲಿಂದ ತರುವುದು? ಗೋಡೆಯ ಬುಡದಲ್ಲಿ ಮೇಲಿಂದ ಉದುರಿದ ನೀಲಿ ಗಾರೆಯ ಚೂರುಗಳಿದ್ದವು. ಒಂದನ್ನು ಸೆರಗಿಗೆ ಕಟ್ಟಿಕೊಂಡೆ.

ಹೊರಡುವಾಗ ಆ ಡ್ರೈವರು ಕಾರಿನ ಪಕ್ಕ ಬಂದ. ಹತ್ತಿರ ಬರಲಿಲ್ಲ, ಒಂದು ಮಾರು ದೂರ ನಿಂತ. ಮಗಳಿಗೆ ತನ್ನ ನಂಬರು ಹೇಳಿದ.

“ಮನೆಗೆ ಓದ್ ಮ್ಯಾಲೆ ಒಂದು ಫೋನ್ ಮಾಡಕ್ಕ. ಬಂದ್ರಾ ಇಲ್ವಾ, ಬಂದೋರು ನಿಮ್ಮೋರೇನಾ ಅಂತ ಯೋಳ್ಬುಡಿ. ಇಲ್ಲಾಂದ್ರೆ ನಂಗೆ ಸ್ಟೇರಿಂಗ್ ಹಿಡ್ಯಾಕಾಗಲ್ಲ.”

ಸೂರಿನ ಕೆಳಗೆ ಹೋಗಬಾರದಲ್ಲ, ಅದಕ್ಕೆ ಎಲ್ಲೂ ತಿಂಡಿಗೆ ಇಳಿಯಲಿಲ್ಲ. ಟೋಲಿನ ಹತ್ತಿರ ಮೇಲೆ ಸೂರು ಕಂಡು ಇಬ್ಬರೂ ಒಂದೇ ಸಲ ಕತ್ತೆತ್ತಿದೆವು. ಬೇರೆ ದಾರಿ ಇರಲಿಲ್ಲ, ಹಾದು ಬಂದೆವು. ಅದನ್ನು ಮೈದುನನಿಗೆ ಹೇಳಲಿಲ್ಲ. ಹಿಂದಿನ ಸೀಟಿನ ಕಡೆ ಇಬ್ಬರೂ ತಿರುಗಲಿಲ್ಲ. ಮಗಳು ಮಾತ್ರ ಹಿಂದೆ ನೋಡುವ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟಿದ್ದಳು.

ಮನೆಯ ಮುಂದೆ ಇಳಿದಾಗ ಮೈದುನ ಬಾಗಿಲು ಹಾಕಿಕೊಂಡು ಒಳಗೆ ನಿಂತಿದ್ದ. “ಯಾರು ಬಂದ್ರಿ?” ಅಂದ. “ಮನೆಯವ್ರು” ಅಂದೆ. ಬಾಗಿಲು ತೆಗೆದ. ಗಾರೆಯ ಚೂರನ್ನು ಹಿರಿಯರ ಮೂಲೆಯಲ್ಲಿಟ್ಟು ಎಡೆ ಇಟ್ಟೆವು. ಆವತ್ತಿನಿಂದ ತೊಟ್ಟಿಯ ಹತ್ತಿರ ನೀರಿನ ಸದ್ದು ನಿಂತಿತು.

ಮಗಳು ಫೋನು ಹಚ್ಚಿಕೊಟ್ಟಳು. “ಬಂದ್ರು ಕಣಪ್ಪ, ನಿನ್ ಪಾಡಿಗೆ ನೀನಿರು” ಅಂದೆ. ಅವನಿಗೆ ನೆಮ್ಮದಿಯಾಯಿತು.

ಆದರೆ ನನಗೇ ನೆಮ್ಮದಿ ಇಲ್ಲ. ಮನೆಯೊಳಗೆ ಯಾರೋ ಬಂದಿದ್ದಾರೆ, ಅದು ಗೊತ್ತಾಗುತ್ತದೆ. ಅವರೇ ಆಗಿದ್ದರೆ ಕಾಲು ತೊಳೆದು ಒಳಗೆ ಬಂದ ಸದ್ದು ಒಂದು ಸಲವಾದರೂ ಕೇಳಬೇಕಿತ್ತು. ಕಾಲು ತೊಳೆಯದೆ ಒಳಗೆ ಬಂದವರು ಯಾರು? ಹೆಸರಿಗೆ ಓಗೊಟ್ಟವನ ಜೀವದ ಒಂದು ತುಂಡು ಏನಾದರೂ ನನ್ನ ಸೆರಗಿಗೆ ಸಿಕ್ಕಿಕೊಂಡು ಬಂತಾ? ಅಮಾವಾಸ್ಯೆ ಬಂದರೆ ಮಗಳ ಕೈಲಿ ಅವನಿಗೆ ಫೋನು ಮಾಡಿಸುತ್ತಿದ್ದೆ.

“ಇದೀಯೇನಪ್ಪ?”

“ಇದೀನಿ ಕಣವ್ವ. ನಿಮ್ಮ ಯಜಮಾನ್ರು ಎಂಗವ್ರೆ?” ಅಂತ ಮೊದಮೊದಲು ತಮಾಷೆ ಮಾಡುತ್ತಿದ್ದ. ಆಮೇಲೆ ತಮಾಷೆ ನಿಂತಿತು. “ಇದೀನಿ” ಅಂದು ಇಟ್ಟುಬಿಡುತ್ತಿದ್ದ. ಹೋದ ಅಮಾವಾಸ್ಯೆಗೆ ಫೋನು ಹೋಗಲೇ ಇಲ್ಲ. ಮಾರನೆಯ ದಿನವೂ ಇಲ್ಲ, ವಾರ ಕಳೆದರೂ ಇಲ್ಲ. “ನಂಬರ್ ಬದ್ಲಾಯ್ಸಿರ್ಬೇಕು ಬಿಡಮ್ಮ” ಅಂದಳು ಮಗಳು. ನನಗೆ ಅನ್ನ ಸೇರಲಿಲ್ಲ. ಸತ್ತಿದ್ದರೆ ಅವನನ್ನು ಕರೆದು ತಂದವಳು ನಾನು. ಕಾರು ತೆಗೆ ಅಂದೆ.

ಅವನು ಫೋನಿನಲ್ಲಿ ಒಂದು ಸಲ ಹೇಳಿದ್ದ ಗುರುತು ಹಿಡಿದು ಕೊತ್ತತ್ತಿ ದಾಟಿ, ನಾಲೆ ಏರಿ ಮೇಲೆ ಹೋದರೆ ಒಂದು ಸಣ್ಣ ಹಳ್ಳಿ. ಅರಳಿಕಟ್ಟೆಯಲ್ಲಿ ನಾಲ್ಕಾರು ಗಂಡಸರು ಕೂತಿದ್ದರು. ಮಗಳು ಕಾರನ್ನು ಕಟ್ಟೆಯ ಪಕ್ಕ ನಿಲ್ಲಿಸಿ ಗಾಜು ಇಳಿಸಿದಳು.

“ಯಾರ್ ಬೇಕಾಗಿತ್ತಮ್ಮ?” ಅಂದರು.

ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆ. ಮಗಳೇ ಹೆಸರು ಹೇಳಿ, ಕಾರು ಡ್ರೈವರು ಅಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅವ್ನಾ?” ಅಂತ ಒಬ್ಬ ನಕ್ಕ. “ಅವ್ನೀಗ ಆ ಹೆಸ್ರಿಗೆ ಓಗೊಡಕ್ಕಿಲ್ಲ ಕಣಮ್ಮ. ದೇವಸ್ಥಾನಕ್ಕೆ ಓಗಿ ಬ್ಯಾರೆ ಹೆಸ್ರು ಇಕ್ಕುಸ್ಕಂಡು ಬಂದವ್ನೆ. ಫೋನೂ ಬ್ಯಾರೆ. ಹಳೇ ಹೆಸ್ರು ಕೂಗುದ್ರೆ ಹೊಡ್ಯಾಕೇ ಬತ್ತಾನೆ. ಅಗಾ, ಆ ಕೊನೆ ಮನೆ.”

ಮಗಳು ಕಾರನ್ನು ನಿಧಾನವಾಗಿ ಬಿಟ್ಟಳು. ಕೊನೆಯ ಮನೆಯ ಮುಂದೆ ಹಳದಿ ಬೋರ್ಡಿನ ಕಾರು ನಿಂತಿತ್ತು. ಅವನು ಲುಂಗಿ ಎತ್ತಿಕಟ್ಟಿ ಬಕೆಟ್ಟಿನ ನೀರಿನಲ್ಲಿ ಅದನ್ನು ಒರೆಸುತ್ತಿದ್ದ. ಸಣ್ಣ ಹೆಣ್ಣು ಮಗು ಟೈರಿಗೆ ನೀರು ಎರಚುತ್ತಿತ್ತು. ಬದುಕಿದ್ದ. ಗಟ್ಟಿಯಾಗಿಯೇ ಇದ್ದ. ನನಗೆ ಇಳಿದು ಹೋಗಿ ಅವನ ಭುಜ ಮುಟ್ಟಿ ನೋಡಬೇಕು ಅನ್ನಿಸಿತು. ಬಾಗಿಲ ಹಿಡಿಗೆ ಕೈ ಹಾಕಿದೆ.

ಅವನು ತಲೆ ಎತ್ತಿದ. ನನ್ನನ್ನು ನೋಡಿದ. ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. ನಾನು ಬಾಯಿ ತೆರೆಯುವುದನ್ನೇ ಕಾಯುತ್ತ, ತನ್ನ ಕಾರಿಗೆ ಬೆನ್ನು ಆನಿಸಿ ನಿಂತುಕೊಂಡ.

ನಾನು ಬಾಯಿ ತೆರೆಯಲಿಲ್ಲ. ಹಿಡಿಯಿಂದ ಕೈ ತೆಗೆದೆ.

ಮಗು ನಮ್ಮ ಕಡೆ ಕೈ ತೋರಿಸಿ ಕೇಳಿತು, “ಯಾರಪ್ಪ ಅದು?”

“ಯಾರೂ ಇಲ್ಲ ಕಣವ್ವ” ಅಂದ, ನನ್ನನ್ನೇ ನೋಡುತ್ತ. “ಒಳಿಕ್ಕೆ ನಡಿ.”